ಔಷಧಿ ಕದಿಯಬೇಕೋ, ಸಾಲ ಕೇಳಬೇಕೋ?

ಮಕ್ಕಳಿಗೆ ನೀತಿ ಕಲಿಸೋಕೆ ತರ್ಕ ಸಾಕು, ಪ್ರೀತಿ ಗೀತಿ ಎಲ್ಲ ಅಮ್ಮನ ಅಡುಗೆಮನೆಗೆ ಸೇರಿದ್ದು ಅನ್ನುವವರ ಜೊತೆ ನನ್ನದು ಹಳೇ ಜಗಳ. ಇವರು ಮಾತೆತ್ತಿದರೆ ಹೆಸರು ಹೇಳೋದು ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ ಅವರದ್ದು. ಅವರು ಮಕ್ಕಳ ಮುಂದಿಡುತ್ತಿದ್ದ ಕತೆ ಬಿ.ಎಡ್. ಓದಿದವರಿಗೆ ಗೊತ್ತಿರುತ್ತೆ. ಹೈಂಜ್ ಎಂಬಾತನ ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ. 200 ಡಾಲರ್ ಖರ್ಚಿನ ಔಷಧಿಗೆ ಅಂಗಡಿಯವ 2000 ಕೇಳುತ್ತಾನೆ. ಇವನು ಅವರಿವರ ಹತ್ತಿರ ಕೇಳಿ ಹೊಂದಿಸಿದ್ದು 1000. ಉಳಿದದ್ದು ಆಮೇಲೆ ಕೊಡ್ತೀನಿ ಅಂದರೂ ಆಸಾಮಿ ಒಪ್ಪೋದಿಲ್ಲ. ಹಾಗಾದರೆ ಕದಿಯಬಹುದಾ?

ಮಕ್ಕಳು ಹೌದು ಅಂದರೂ ಸರಿ, ಇಲ್ಲ ಅಂದರೂ ಸರಿ, ಮಾರ್ಕ್ಸ್ ಮಾತ್ರ ಅದರ ಹಿಂದಿನ ತರ್ಕಕ್ಕೆ. ಒಟ್ಟು ಆರು ಮೆಟ್ಟಿಲು, ತುದಿಯಲ್ಲಿ ಎಲ್ಲರಿಗೂ ಒಪ್ಪುವ ನ್ಯಾಯತತ್ವ. ಅಂದಹಾಗೆ, ಈ ಮೆಟ್ಟಿಲು ಕಟ್ಟಿದ ಮೊದಲ ಅಧ್ಯಯನದಲ್ಲಿ ಇದ್ದವರೆಲ್ಲ ಹುಡುಗರೇ!

1982ರಲ್ಲಿ ಕ್ಯಾರಲ್ ಗಿಲಿಗನ್ ಒಂದು ಪುಸ್ತಕ ಬರೆದು, ಹನ್ನೊಂದು ವರ್ಷದ ಇಬ್ಬರು ಮಕ್ಕಳ ಉತ್ತರವನ್ನು ಅಕ್ಕಪಕ್ಕ ಇಟ್ಟರು. ಹುಡುಗ ಜೇಕ್ ಲೆಕ್ಕ ಬಿಡಿಸಿದ ಹಾಗೆ ಬಿಡಿಸಿದ: ಹಣಕ್ಕಿಂತ ಜೀವ ದೊಡ್ಡದು, ಕದಿಯಲಿ. ಹುಡುಗಿ ಏಮಿ ಒಪ್ಪಲಿಲ್ಲ. ಇವನು ಜೈಲಿಗೆ ಹೋದರೆ ಹೆಂಡತಿಯ ಗತಿ ಏನು? ಸಾಲ ಸಿಗೋದಿಲ್ವಾ? ಕೂತು ಮಾತಾಡಬಾರದಾ? ಕೋಲ್‌ಬರ್ಗ್ ಅಳತೆಯಲ್ಲಿ ಏಮಿ ಒಂದು ಮೆಟ್ಟಿಲು ಕೆಳಗೆ.

ಪ್ರಶ್ನೆಯಿಂದ ನುಣುಚಿಕೊಂಡಳು ಅಂತೀರಾ? ವರ್ಷಗಟ್ಟಲೆ ಸಾಲದ ಅರ್ಜಿ ನೋಡಿದವನು ನಾನು, ನನಗೆ ಹಾಗನ್ನಿಸಲ್ಲ ಸ್ವಾಮೀ. ಅರ್ಜಿಯ ಹಿಂದೆ ಕಾಯಿಲೆ ಬಿದ್ದ ಹೆಂಡತಿ ಇದ್ದಾಳೆ ಅಂತ ಕಂಡವನಿಗೆ ಮಾತ್ರ ಮೂರನೇ ದಾರಿ ಹೊಳೆಯುತ್ತೆ. ಬರೀ ತರ್ಕ ಕಲಿತವನು ರೂಲ್ ಬುಕ್ಕಿನ ಸಂದು ಹುಡುಕೋದರಲ್ಲಿ ಜಾಣನಾಗುತ್ತಾನೆ, ಅಷ್ಟೆ.

ಹಾಗಂತ ಪ್ರೀತಿಯೊಂದೇ ಸಾಕು ಅಂದರೂ ನಾನು ಜಗಳಕ್ಕೆ ಸಿದ್ಧ. "ನಮ್ಮೂರ ಹುಡುಗ, ಸ್ವಲ್ಪ ನೋಡಿ ಸಾರ್" ಎನ್ನುವ ಮಾತನ್ನು ಊರು ಬಿಟ್ಟು ಬಂದ ನಾವೆಲ್ಲ ಎಷ್ಟು ಸಲ ಕೇಳಿಲ್ಲ? ಅದೂ ಪ್ರೀತಿಯೇ. ಆ ಪ್ರೀತಿಗೆ ಮಣಿದು ಸಹಿ ಹಾಕಿದರೆ, ಕ್ಯೂನಲ್ಲಿ ನಿಂತ ಪರಿಚಯವಿಲ್ಲದವನ ಅರ್ಜಿ ಕೆಳಗೆ ಹೋಗುತ್ತೆ. ಅವನ ಪರವಾಗಿ ಮಾತಾಡೋಕೆ ಅಲ್ಲಿ ಇರೋದು ತರ್ಕ ಒಂದೇ. ಮಕ್ಕಳಿಗೆ ಅದನ್ನೂ ಹೇಳಿಕೊಡಬೇಕು, ಆದರೆ ಮೊದಲು ಏಮಿಯ ಕಣ್ಣು ಬರಲಿ.

ತಮಾಷೆ ಅಂದರೆ, ಸ್ವತಃ ಕೋಲ್‌ಬರ್ಗ್ ಬರೀ ಕತೆ ಕೇಳುತ್ತ ಕೂರಲಿಲ್ಲ. 1974ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಕ್ಲಸ್ಟರ್ ಸ್ಕೂಲ್ ಎಂಬ ಪ್ರಯೋಗಕ್ಕೆ ಕೈಹಾಕಿದರು. ಅಲ್ಲಿ ಮೇಷ್ಟ್ರಿಗೂ ಒಂದು ಓಟು, ವಿದ್ಯಾರ್ಥಿಗೂ ಒಂದು ಓಟು. ನಿಯಮ ಮಾಡೋದು, ಮುರಿದವರನ್ನು ವಿಚಾರಿಸೋದು, ಎಲ್ಲ ಒಟ್ಟಿಗೆ. ಇವರ ಶಿಷ್ಯರು ಆ ಅಧ್ಯಾಯವನ್ನು ಯಾಕೆ ಓದೋದಿಲ್ಲವೋ!