ಪಟ್ಟಿ ಕೊಟ್ಟವರು ಕೇಳಲಿ: ಢೋಲಕ್ ಎಲ್ಲಿ?

ಗಣೇಶನ ಹಬ್ಬ ಬಂತೆಂದರೆ ಕಲಬುರಗಿಯ ಅಂಗಡಿಕಾರರ ಗಲ್ಲಾಕ್ಕೆ ಮೊದಲು ಕಣ್ಣು ಹಾಕುವವರು ಪಟ್ಟಿ ಎತ್ತುವ ಹುಡುಗರು. "ಈ ಸಲ ಭರ್ಜರಿ ಆರ್ಕೆಸ್ಟ್ರಾ ಅದ ರೀ ಸಾವ್ಕಾರ್ರ" ಅನ್ನುತ್ತಾರೆ. ರಾತ್ರಿ ಹೋಗಿ ನೋಡಿದರೆ ಸ್ಟೇಜಿನ ಮೇಲೆ ಇಬ್ಬರು ಹಾಡುವವರು, ಒಂದು ಲ್ಯಾಪ್‌ಟಾಪು. ಸಪ್ಪಳ ಮಾತ್ರ ಮೂವತ್ತು ಮಂದಿ ಬಾರಿಸಿದ ಹಾಗೆ! ಇದಕ್ಕೆ ಟ್ರ್ಯಾಕ್ ಅಂತ ಹೆಸರು.

ಟ್ರ್ಯಾಕ್ ಪಾಪವೇನಲ್ಲ. ಜಪಾನಿನ ಕೋಬೆ ಊರಿನ ಬಾರುಗಳಲ್ಲಿ ಹಾಡುವ ಗಿರಾಕಿಗಳಿಗೆ ಸಾಥ್ ಕೊಡುತ್ತಿದ್ದ ಇನೋವೆ ಡೈಸುಕೆ 1971ರಲ್ಲಿ ತನ್ನ ಸಾಥನ್ನೇ ಟೇಪಿಗೆ ತುಂಬಿ, ಮಷೀನು ಮಾಡಿಸಿ ಬಾಡಿಗೆಗೆ ಬಿಟ್ಟ. ಕರೋಕೆ ಬೆಳೆದದ್ದು ಹಾಗೆ. ಬಾರಿಸಿದವನೂ ಅವನೇ, ಬಾಡಿಗೆ ಎಣಿಸಿಕೊಂಡವನೂ ಅವನೇ.

ನಮ್ಮಲ್ಲಿ ಇಂಟರ್ನೆಟ್ಟಿನಿಂದ ಸಿನಿಮಾ ಹಾಡು ಇಳಿಸಿ, ಕಂಠ ಒರೆಸಿ ಹಾಕಿಬಿಡುತ್ತಾರೆ. ಮೂಲ ಗಾಯಕರ ಶ್ರುತಿ ನಮ್ಮ ಹುಡುಗನ ಗಂಟಲಿಗೆ ನಿಲುಕುವುದಿಲ್ಲ. ಕಂಪ್ಯೂಟರಿನಲ್ಲಿ ನಾಲ್ಕೈದು ಮನೆ ಕೆಳಗಿಳಿಸಿದರೆ ತಬಲದ ದನಿ ಮಳೆಯಲ್ಲಿ ತೊಯ್ದ ಹಲಗೆಯಂತಾಗುತ್ತದೆ.

ಸರಿಯಾಗಿ ಮಾಡಬೇಕಾದರೆ ಮೊದಲು ಹಾಡುವವರ ಶ್ರುತಿ ಕರಿ ಒಂದೋ, ಬಿಳಿ ನಾಕೋ ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ಲಯ. ಕೀಬೋರ್ಡು, ಹಾರ್ಮೋನಿಯಂ ತುಂಬಿದ ಮೇಲೆ ಢೋಲಕ್ ಕೈಯಿಂದಲೇ ಬಾರಿಸಿ ಸೇರಿಸಬೇಕು. ಎಣಿಕೆ ಹಾಡುವವರ ಕಿವಿಗಷ್ಟೇ ಕೇಳಬೇಕು. ಅದಕ್ಕೆ ಒಂದು ಚಾನೆಲ್ಲಿಗೆ ವಾದ್ಯ, ಇನ್ನೊಂದಕ್ಕೆ ಎಣಿಕೆ. ಇದು ಮೈಕಿನವರಿಗೂ ಗೊತ್ತಿರಬೇಕು, ಇಲ್ಲದಿದ್ದರೆ ಇಡೀ ಓಣಿಗೆ ಟಿಕ್ ಟಿಕ್ ಕೇಳುತ್ತದೆ.

ಬಾರಿಸುವ ಕೈಗೆ ದೂರ ಹೋಗುವುದು ಬೇಡ. ಹುಮನಾಬಾದ್ ಕಡೆಯ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದರೆ ಸುತ್ತಲಿನ ಹಳ್ಳಿಗಳ ಭಜನಾ ಮೇಳಗಳಲ್ಲಿ ಸಿಗುತ್ತಾರೆ. ಕರೆಸಿ, ಪಗಾರ, ಬಸ್ ಚಾರ್ಜು ಕೊಟ್ಟು ರೆಕಾರ್ಡು ಮಾಡಿಕೊಳ್ಳಲಿ. ಆದರೆ ಒಮ್ಮೆ ಬಾರಿಸಿಕೊಂಡು ನೂರು ಪ್ರೋಗ್ರಾಂ ಹೊಡೆಯುವುದಾದರೆ ಒಂದು ದಿನದ ಕೂಲಿ ಯಾವ ನ್ಯಾಯ? ಪ್ರತಿ ಪ್ರೋಗ್ರಾಮಿಗೆ ಇಷ್ಟು ಪಾಲು ಅಂತ ಮೊದಲೇ ಕಾಗದದ ಮೇಲೆ ಬರೆದಿಡಬೇಕು. ಹಬ್ಬದ ನಾಲ್ಕು ದಿನದ ದುಡಿಮೆಯ ಮೇಲೆ ಆ ಮನೆಗಳ ಲೆಕ್ಕ ನಿಂತಿರುತ್ತದೆ.

ಇನ್ನು ಕಡಕೋಳ ಮಡಿವಾಳಪ್ಪನವರ ತತ್ವಪದಗಳಿಗೆ ಮಾತ್ರ ದಯವಿಟ್ಟು ಟ್ರ್ಯಾಕ್ ಹಚ್ಚಬೇಡಿ. ಜನ "ಇನ್ನೊಮ್ಮಿ ಅನ್ರೀ" ಎಂದರೆ ಹಾಡುವವರು ಅದೇ ನುಡಿಗೆ ತಿರುಗುತ್ತಾರೆ, ಏಕತಾರಿ, ತಾಳದವರೂ ತಿರುಗುತ್ತಾರೆ. ಲ್ಯಾಪ್‌ಟಾಪು ತಿರುಗುತ್ತದೇನು? ಕರೆಂಟು ಹೋದರಂತೂ ಕೇಳಲೇಬೇಡಿ.

ಪಟ್ಟಿ ಕೊಡುವ ಸಾವ್ಕಾರರೇ, ರಸೀದಿ ಹರಿಯುವ ಮುಂಚೆ ಕೇಳಿರಿ: ಕೂತು ಬಾರಿಸುವವರು ಎಷ್ಟು ಮಂದಿ? ಟ್ರ್ಯಾಕ್ ಆದರೆ ಬ್ಯಾನರಿನ ಮೇಲೆ ಟ್ರ್ಯಾಕ್ ಎಂದೇ ಬರೆಸಲಿ, ರೇಟೂ ಅದರದೇ ಹೇಳಲಿ.