ಎಲ್ಲಾರಿಗೂ ಮಲ್ಲಪ್ಪಶೆಟ್ಟಿ ಅನಬ್ಯಾಡ್ರಿ

ನಮ್ಮ ಬೆಳಗಾವಿ ಕಡೆ ಯಾರರ ತಮ್ಮ ಏಳಿಗಿ ನೋಡಿಕೊಂಡರ ಸಾಕು, "ಮಲ್ಲಪ್ಪಶೆಟ್ಟಿ ಆದ್ಲು ನೋಡ್ರಿ" ಅಂದುಬಿಡತೀವಿ. ಬ್ಯಾರೆ ಮನಿ ಮಾಡಿದ ಸೊಸಿಗೂ ಅದ ಮಾತು, ಪುಣೆಕ್ಕ ನೌಕರಿಗೆ ಹೋದ ಮಗಳಿಗೂ ಅದ ಮಾತು. ನನಗಂತೂ ಇದು ಸರಿ ಅನಸೂದಿಲ್ಲ.

ಕಿತ್ತೂರ ಚೆನ್ನಮ್ಮನ ನಾಟಕ ನಾವೆಲ್ಲಾ ನೋಡೀವಿ. 1961ರಾಗ ಬಂದ ಬಿ. ಸರೋಜಾದೇವಿ ಅವರ ಸಿನಿಮಾನೂ ನೋಡೀವಿ. ಮಲ್ಲಪ್ಪಶೆಟ್ಟಿ, ವೆಂಕಟರಾವ್ ಇಬ್ಬರೂ ಸಂಸ್ಥಾನದ ಉಪ್ಪು ಉಂಡವರು. 1824ರ ಅಕ್ಟೋಬರ್ 23ಕ್ಕ ಥ್ಯಾಕರೆ ಸತ್ತು ಕಿತ್ತೂರು ಗೆದ್ದಿತು. ಡಿಸೆಂಬರದಾಗ ಕಂಪನಿ ದೊಡ್ಡ ದಂಡು ತಂತು, ಕೋಟಿ ಬಿತ್ತು. ಒಳಗಿನವರ ಮದ್ದಿನಾಗ ಸಗಣಿ ಕಲಸಿದ್ದರು ಅಂತ ಊರೂರಾಗ ಕಥಿ ಹೇಳತಾರ.

ಶ್ಯಾಣ್ಯಾ ಮನಶ್ಯಾಗ ಮ್ಯಾಲ ಹೋಗಬೇಕು ಅನಸೂದು ಸಹಜ. ನಾಟಕದ ಮಲ್ಲಪ್ಪಶೆಟ್ಟಿ ಮಾಡಿದ ತಪ್ಪು ಅದಲ್ಲ. ನಂಬಿ ಕೈಯಾಗ ಕೊಟ್ಟ ಮನಿ ಕೀಲಿ ಮಾರಿ ಮ್ಯಾಲ ಹೋಗಾಕ ನೋಡಿದ, ಅದು ತಪ್ಪು.

ಸಂಗೊಳ್ಳಿ ರಾಯಣ್ಣನೂ ಆಸೆ ಬಿಟ್ಟ ಸನ್ಯಾಸಿ ಅಲ್ಲ. ಶೇತಸನದಿ ಆಳು, ಅವನ ಹೊಲಕ್ಕೂ ಕಂಪನಿಯವರು ಕೈ ಹಾಕಿದ್ದರು. ತನ್ನ ಸಂಕಟಾನೂ ಅವನಿಗಿತ್ತು. ಆದರ ಅದನ್ನ ಎಲ್ಲಾರ ಸಂಕಟದ ಜೋಡಿ ಕೂಡಿಸಿದ. ಚೆನ್ನಮ್ಮ 1829ರ ಫೆಬ್ರುವರಿ 2ಕ್ಕ ಬೈಲಹೊಂಗಲದ ಸೆರೀಯೊಳಗ ತೀರಿಕೊಂಡಳು. ಇನಾಮು ಕೊಡಾಕ ರಾಣಿನ ಉಳದಿರಲಿಲ್ಲ. ಆಮ್ಯಾಲೂ ದತ್ತಕ ಮಗ ಶಿವಲಿಂಗಪ್ಪನ್ನ ಗಾದಿಗೆ ಕೂಡಸಬೇಕು ಅಂತ ಮಂದಿ ಕೂಡಿಸಿದ, ನಮ್ಮ ಖಾನಾಪುರ ತಾಲೂಕಿನ ಬೀಡಿ ಕಚೇರಿ ಸುಟ್ಟ. ಮೋಸದಲೆ ಸಿಕ್ಕಬಿದ್ದ, 1831ರ ಜನೇವರಿ 26ಕ್ಕ ನಂದಗಡದಾಗ ಗಲ್ಲಿಗೇರಿದ.

ನೋಡವರು ಇಲ್ಲದಾಗ ನಂಬಿಕಿ ಉಳಿಸಿಕೊಂಡರ ಅದು ನಿಷ್ಠಿ. ಈ ಅಳತಿ ಹಿಡಕೊಂಡು ನಮ್ಮ ಮನಿ ಕಡೆ ನೋಡ್ರಿ.

ಮದವಿ ಆದಮ್ಯಾಲ ಬಿ.ಎಡ್. ಮಾಡತೇನಿ ಅಂದ ಸೊಸಿ ಯಾರ ಕೀಲಿ ಮಾರಿದಳು? ಎರಡು ಹೊತ್ತಿನ ರೊಟ್ಟಿ ಬಡದಿಟ್ಟ ಓದಾಕ ಹೊಕ್ಕಾಳ. ಅವಳಿಗೆ "ಮನಿ ಮ್ಯಾಲ ನಿಷ್ಠಿ ಇಲ್ಲ" ಅಂತೀವಿ. ಅದ, ಅವ್ವನ ಹೆಬ್ಬಟ್ಟು ಒತ್ತಿಸಿಕೊಂಡು ಅಕ್ಕತಂಗ್ಯಾರಿಗೆ ಗೊತ್ತಾಗದಂಗ ಹೊಲದ ಉತಾರದಾಗ ತನ್ನ ಹೆಸರು ಏರಿಸಿಕೊಂಡ ಮಗ ದಿನಾ ಅವ್ವನ ಕಾಲ ಬೀಳತಾನ. ಅವನಿಗೆ "ಬಂಗಾರದಂಥ ಹುಡುಗ" ಅಂತೀವಿ! ಮಲ್ಲಪ್ಪಶೆಟ್ಟಿ ಅನ್ನೂದಿದ್ದರ ಅವನಿಗೆ ಅನಬೇಕಲ್ಲ?

ನಿಷ್ಠಿ ಅಂದರ ಮನ್ಯಾಗ ಸುಮ್ಮ ಕುಂಡ್ರೂದು ಅಂತ ಹೆಣ್ಣಮಕ್ಕಳಿಗಷ್ಟ ಯಾಕ ಕಲಸಬೇಕು? ಚೆನ್ನಮ್ಮ ಹಂಗ ಕುಂತಿದ್ದರ ಕಿತ್ತೂರಿನ ಹೆಸರು ಯಾರಿಗೆ ಗೊತ್ತಿರತಿತ್ತು?

ನಂದಗಡಕ್ಕ ಹೋಗಿ ರಾಯಣ್ಣನ ಆಲದ ಮರಕ್ಕ ತೊಟ್ಟಿಲು ಕಟ್ಟಿ, ಅವನಂಥ ಮಗ ಹುಟ್ಟಲಿ ಅಂತ ಬೇಡಿಕೋತಾರ. ಬೇಡಿಕೊಳ್ರಿ. ಆದರ ಮನ್ಯಾಗ ಆಗಲೇ ಹುಟ್ಟಿದ ಮಗಳು ಓದತೇನಿ, ದುಡೀತೇನಿ ಅಂದರ ಆಕಿಗೆ ದ್ರೋಹಿ ಅಂತ ಹೆಸರಿಡಬ್ಯಾಡ್ರಿ.