ಚಿತ್ರಕಥೆಯ ಸಾರಾಂಶದಲ್ಲಿ ಬೀಜವಿವೇಕ

ಚಲನಚಿತ್ರವೊಂದನ್ನು ನೋಡಿಬಂದ ವಿದ್ಯಾರ್ಥಿಯನ್ನು “ಕಥೆಯೇನು?” ಎಂದು ಕೇಳಿದರೆ, ಅವನು ಒಂದೋ ನಾಯಕನ ಊರು, ಮನೆತನ, ಬಾಲ್ಯಗಳನ್ನು ವರ್ಣಿಸುತ್ತ ಅರ್ಧ ಪುಟ ಮುಗಿಸುತ್ತಾನೆ, ಇಲ್ಲವೆ ತನ್ನನ್ನು ಬೆಚ್ಚಿಬೀಳಿಸಿದ ಪ್ರಸಂಗವನ್ನೇ ಮೊದಲು ಹೇಳಿಬಿಡುತ್ತಾನೆ. ಎರಡರಲ್ಲಿಯೂ ಕಥೆ ಯಾವ ಗಳಿಗೆಯಲ್ಲಿ ಹೊರಟಿತೆಂಬುದು ತಿಳಿಯದು. ಸಾರಾಂಶಲೇಖನವನ್ನು ಕಲಿಸುವವರು ಅಲಕ್ಷಿಸಬಾರದ ದೋಷವಿದು.

ಭಾರತೀಯ ಲಾಕ್ಷಣಿಕರು ಆ ಗಳಿಗೆಯನ್ನು ಬಲ್ಲವರಾಗಿದ್ದರು. ಧನಂಜಯನ ‘ದಶರೂಪಕ’ವು ಐದು ಅರ್ಥಪ್ರಕೃತಿಗಳಲ್ಲಿ ಬೀಜವನ್ನು ಮೊದಲಿಟ್ಟು, ಅದು ಆರಂಭದಲ್ಲಿ ಅಲ್ಪವಾಗಿ ಸೂಚಿತವಾಗಿ, ಮುಂದೆ ಬಹುವಿಧವಾಗಿ ಹರಡಿ, ಫಲಕ್ಕೆ ಹೇತುವಾಗುವುದೆನ್ನುತ್ತದೆ. ಇಲಕಲ್ಲಿನ ನೇಕಾರನು ಸೀರೆಯ ಮೈಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿಹಾಕಿ ಕೂಡಿಸುತ್ತಾನಷ್ಟೆ. ನೋಡುವವರ ಕಣ್ಣು ಕೆಂಪು ಸೆರಗಿನ ಮೇಲೆ. ನೇಕಾರನ ಕಣ್ಣು ಕೊಂಡಿಯ ಮೇಲೆ. ಸಾರಾಂಶ ಬರೆಯುವವನಿಗೆ ಬೇಕಾದುದು ನೇಕಾರನ ಕಣ್ಣು.

1970ರ ‘ಸಂಸ್ಕಾರ’ ಚಿತ್ರವನ್ನು ತೆಗೆದುಕೊಳ್ಳಬಹುದು. ಪ್ರಾಣೇಶಾಚಾರ್ಯರ ಪಾಂಡಿತ್ಯ, ರೋಗಿಷ್ಠೆಯಾದ ಪತ್ನಿ, ಅಗ್ರಹಾರದ ಜಿಪುಣತನ ಇವೆಲ್ಲ ಪೀಠಿಕೆ. ಆಚಾರ್ಯರು ಚಂದ್ರಿಯೊಡನೆ ಕೂಡಿದ ಪ್ರಸಂಗವೇ ಕಥಾರಂಭವೆಂದು ಅನೇಕರು ಬರೆಯುತ್ತಾರೆ. ಅದು ಮಹತ್ತರವಾದ ತಿರುವು, ಸಂದೇಹವಿಲ್ಲ, ಆದರೆ ಬೀಜವಲ್ಲ. ನಾರಣಪ್ಪ ಸತ್ತನು, ಅವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು? ಈ ಪ್ರಶ್ನೆ ಎದ್ದಮೇಲೆ ಅಗ್ರಹಾರಕ್ಕೆ ನಿನ್ನೆಯ ಬದುಕು ಮರಳಿ ದೊರೆಯಲಿಲ್ಲ. ಶವವು ಗುಟ್ಟಾಗಿ ದಹನವಾದ ಬಳಿಕವೂ ಕಥೆ ನಿಲ್ಲುವುದಿಲ್ಲವೆಂಬುದನ್ನು ಗಮನಿಸಬೇಕು. ಶವ ಎತ್ತಿದ ಪ್ರಶ್ನೆ ಆಚಾರ್ಯರ ಬೆನ್ನುಹತ್ತಿ ನಡೆಯುತ್ತದೆ. ಬರಿಯ ಸಾವನ್ನು ನಮೂದಿಸಿ ಆ ಪ್ರಶ್ನೆಯನ್ನು ಬಿಟ್ಟರೆ ಬೀಜದ ಸಿಪ್ಪೆಯನ್ನಷ್ಟೇ ಹಿಡಿದಂತಾಯಿತು.

1972ರ ‘ಬಂಗಾರದ ಮನುಷ್ಯ’ದಲ್ಲಿ ಇದು ಇನ್ನೂ ಸುಲಭ. ಭಾವನ ಮರಣದಿಂದ ಅಕ್ಕನ ಸಂಸಾರದ ಹೊರೆ ರಾಜೀವನ ಹೆಗಲೇರಿತು; ಬರಡು ನೆಲವನ್ನು ಹಸನುಗೊಳಿಸಿದ್ದು ಅದರಿಂದ ಹುಟ್ಟಿದ ಯತ್ನ.

ಇಲ್ಲಿ ಒಂದು ಆಕ್ಷೇಪವುಂಟು. ಯಾವ ಘಟನೆಗೂ ಅದರ ಹಿಂದೆ ಇನ್ನೊಂದು ಕಾರಣ ಇದ್ದೇ ಇರುತ್ತದೆ. ಹಿಂದೆ ಹಿಂದೆ ಹೋದರೆ ಕೊನೆಯೆಲ್ಲಿ? ಫಲವನ್ನು ನೋಡಿ ಬೀಜವನ್ನು ನಿರ್ಣಯಿಸಬೇಕೆಂಬುದೇ ಇದಕ್ಕೆ ಸಮಾಧಾನ. ಹುನಗುಂದ ಸೀಮೆಯವರಿಗೆ ಕೂಡಲಸಂಗಮಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. 1959ರ ‘ಜಗಜ್ಯೋತಿ ಬಸವೇಶ್ವರ’ದಿಂದ ಮೊದಲುಗೊಂಡು ಬಸವಣ್ಣನವರ ಚರಿತ್ರೆ ತೆರೆಯ ಮೇಲೆ ಬಂದಿದೆ. ಹೇಳಬೇಕಾದುದು ಅವರ ಜೀವನವಾದರೆ, ಬಾಲಕನು ಉಪನಯನವನ್ನು ನಿರಾಕರಿಸಿದ್ದೇ ಬೀಜ. ಕಲ್ಯಾಣದ ವಿಪ್ಲವವಾದರೆ, ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹವೇ ಬೀಜ. ಇವೆರಡನ್ನೂ ಬಿಟ್ಟು ಬಿಜ್ಜಳನ ವಧೆಯಿಂದ ಸಾರಾಂಶವನ್ನು ಆರಂಭಿಸಿದರೆ, ಪರಂಪರೆ ಹೇಳುವ ಆ ವಿವಾಹವೂ ಹರಳಯ್ಯ ಮಧುವರಸರಿಗಾದ ಘೋರದಂಡನೆಯೂ ಮರೆಯಾಗಿ, ಶರಣರು ಬರಿಯ ರಾಜದ್ರೋಹಿಗಳಂತೆ ಕಾಣುತ್ತಾರೆ. ಒಂದು ಅಕ್ಷರವನ್ನೂ ಸುಳ್ಳು ಬರೆಯದೆ ಅನ್ಯಾಯ ಮಾಡುವ ಬಗೆ ಇದು. ಅಂಕಗಳ ಲೆಕ್ಕಕ್ಕಿಂತ ದೊಡ್ಡದಾದ ಹೊಣೆ ಉಪಾಧ್ಯಾಯರ ಮೇಲಿರುವುದು ಈ ಕಾರಣದಿಂದ.

ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. 1967ರಲ್ಲಿ ‘ಇಮ್ಮಡಿ ಪುಲಿಕೇಶಿ’ ಎಂಬ ಚಿತ್ರ ಬಂದಿತು. ಆ ಅರಸನೆಂದೊಡನೆ ಬಾದಾಮಿಯ ಮಕ್ಕಳೂ ಹರ್ಷನ ಸೋಲನ್ನೇ ಮೊದಲು ಹೇಳುತ್ತಾರೆ. ಆದರೆ ಐಹೊಳೆಯ ಮೇಗುತಿ ಗುಡಿಯಲ್ಲಿ, ಕ್ರಿ.ಶ. 634ರ ಶಾಸನದಲ್ಲಿ, ಕವಿ ರವಿಕೀರ್ತಿಯು ತನ್ನ ಒಡೆಯನ ಚರಿತ್ರೆಯನ್ನು ಹಾಗೆ ತೊಡಗಿಸಲಿಲ್ಲ. ವಂಶದ ಹಿರಿಯರನ್ನು ಕೆಲವೇ ಪದ್ಯಗಳಲ್ಲಿ ಮುಗಿಸಿ, ಚಿಕ್ಕಪ್ಪ ಮಂಗಲೇಶನ ಅಸೂಯೆಯನ್ನೂ, ರಾಜ್ಯವನ್ನು ತನ್ನ ಮಗನಿಗೇ ಉಳಿಸಬೇಕೆಂಬ ಅವನ ಯತ್ನವನ್ನೂ, ಪುಲಿಕೇಶಿ ನಾಡು ಬಿಟ್ಟು ತಿರುಗಲು ನಿಶ್ಚಯಿಸಿದುದನ್ನೂ ಹೇಳುತ್ತಾನೆ. ಬನವಾಸಿ, ಗಂಗ, ಆಳುಪ, ಮೌರ್ಯರ ಮೇಲಣ ವಿಜಯಗಳು ಅನಂತರ. ಹರ್ಷನು ಅವುಗಳಿಗೂ ಈಚೆ. ಶಾಲೆಯ ಮಕ್ಕಳನ್ನು ಒಂದು ದಿನ ಆ ಗುಡ್ಡಕ್ಕೆ ಕರೆದೊಯ್ದು, ಶಾಸನದ ಅರ್ಥವನ್ನು ಓದಿ ಹೇಳಿ, ಪುಲಿಕೇಶಿಯ ಕಥೆಯನ್ನು ಹತ್ತು ಸಾಲುಗಳಲ್ಲಿ ಬರೆಯಿಸಬೇಕು. ಏಳನೆಯ ಸಾಲಿನವರೆಗೆ ಹರ್ಷನ ಹೆಸರು ಬರಕೂಡದೆಂದು ಮೊದಲೇ ತಿಳಿಸಿರಬೇಕು.